ಕುದುರೆಗಳಿಗೆ ಪಕ್ಕವಾದ್ಯ

ಹನುಮಂತನಗರದ ನನ್ನ ಮನೆಯಲ್ಲಿ ಬೆಳಿಗ್ಗೆ ಸಂಜೆ ಮೃದಂಗದ ಪಾಠ, ಮಿಕ್ಕ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ಸಣ್ಣಪುಟ್ಟ ಧ್ವನಿಮುದ್ರಣದ ಕೆಲಸ. ರಂಗಪ್ರವೇಶಕ್ಕೆ ಜತಿ ಬೇಕೆಂದವರಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡು ಕತ್ತರಿಸಿ ಜೋಡಿಸಬೇಕೆಂದವರಿಗೆ ಮಾಡಿಕೊಡುತ್ತ ಬಂದಿದ್ದೇನೆ. ಕುದುರೆಗಳಿಗೆ ಮಾಡಿಕೊಡಿ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದವರು ಶಿಷ್ಯನೊಬ್ಬನ ತಾಯಿ. ವಾರವೆಲ್ಲ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು, ಶನಿವಾರ ಭಾನುವಾರ ಯಲಹಂಕದ ಆಚೆಯ ಸವಾರಿ ಶಾಲೆಯೊಂದಕ್ಕೆ ಹೋಗುತ್ತಾರೆ. ಶಾಲೆಯ ವಾರ್ಷಿಕ ಪ್ರದರ್ಶನಕ್ಕೆ ಎಂಟು ಸವಾರರ ಮ್ಯೂಸಿಕಲ್ ರೈಡ್ ಮಾಡಿಸಿಯೇ ತೀರುವುದೆಂದು ಅಲ್ಲಿ ಸವಾರಿ ಕಲಿಸುವ ಉಸ್ತಾದರು ಪಟ್ಟು ಹಿಡಿದಿದ್ದರು. ಸಿನಿಮಾ ಹಾಡು ಹಾಕಿದರೆ ಮೈದಾನದಿಂದ ಎದ್ದು ಹೋಗುತ್ತೇನೆ ಎಂದೂ ಹೇಳಿದ್ದರಂತೆ. “ತಾಳ ಗೊತ್ತಿರುವವರು ಬೇಕು ಅಂದರು ಮೇಷ್ಟ್ರೇ, ನಿಮ್ಮ ಹೆಸರು ಹೇಳಿಬಿಟ್ಟೆ” ಎಂದರು ಆಕೆ.

ಮ್ಯೂಸಿಕಲ್ ರೈಡ್ ಎಂದರೆ ಪೊಲೀಸ್ ಅಥವಾ ಸೇನೆಯ ಅಶ್ವಾರೋಹಿಗಳು ವಾದ್ಯಸಂಗೀತದ ಜೊತೆ ನಡೆಸುವ ಕವಾಯತು. ಸಾಲು ಒಡೆಯುತ್ತದೆ, ಚಕ್ರವಾಗುತ್ತದೆ, ಎರಡು ಸಾಲುಗಳು ಒಂದರೊಳಗೊಂದು ಹಾಯ್ದು ಮತ್ತೆ ಕೂಡುತ್ತವೆ. ಹೆಚ್ಚು ಹೆಸರಾದದ್ದು ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸರದು: 32 ಸವಾರರು, ಕೆಂಪು ಕೋಟು, ಕಪ್ಪು ಕುದುರೆಗಳು, ಕೈಯಲ್ಲಿ ಕೆಂಪು ಬಿಳಿ ಪತಾಕೆ ಕಟ್ಟಿದ ಭರ್ಜಿ. ಅದರ ಮೊದಲ ಅಧಿಕೃತ ಪ್ರದರ್ಶನ ನಡೆದದ್ದು 1887ರಲ್ಲಿ, ರೆಜೈನಾ ಊರಿನ ಪೊಲೀಸ್ ಬ್ಯಾರಕ್ಕಿನಲ್ಲಿ. ಕುದುರೆಗಳೆಲ್ಲ ಕಪ್ಪೇ ಇರಬೇಕೆಂದು ತೀರ್ಮಾನವಾದದ್ದು 1938ರಲ್ಲಿ. ಸವಾರರೆಲ್ಲ ಭರ್ಜಿಯ ತುದಿಗಳನ್ನು ಒಳಮುಖವಾಗಿ ಚಾಚಿ ನಿಲ್ಲುವ ‘ಗುಮ್ಮಟ’ ಎಂಬ ಭಂಗಿಯೊಂದಿದೆ. 1975ರ ಸರಣಿಯ ಕೆನಡಾದ ಐವತ್ತು ಡಾಲರ್ ನೋಟಿನ ಹಿಂಬದಿಯಲ್ಲಿ ಅಚ್ಚಾದದ್ದು ಅದೇ. ಕೋಣೆಯಲ್ಲಿ ಕೂತು ಇದರ ವಿಡಿಯೊಗಳನ್ನು ಮೊದಲು ಸದ್ದಿನೊಂದಿಗೆ ನೋಡಿದೆ, ಆಮೇಲೆ ಸದ್ದು ನಿಲ್ಲಿಸಿ ನೋಡಿದೆ. ಸದ್ದಿದ್ದಾಗ ಕುದುರೆಗಳು ತಾಳಕ್ಕೆ ಹೆಜ್ಜೆ ಹಾಕುತ್ತಿವೆ ಎಂದೇ ಅನ್ನಿಸುತ್ತಿತ್ತು. ಸದ್ದಿಲ್ಲದೆ ನೋಡಿದರೆ ಒಂದೊಂದು ಕುದುರೆಯ ಕಾಲು ಒಂದೊಂದು ಲೆಕ್ಕದಲ್ಲಿತ್ತು. ತಪ್ಪದೆ ಕೂಡುತ್ತಿದ್ದದ್ದು ಸಾಲುಗಳು ಮಾತ್ರ.

ಉಸ್ತಾದರಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ ದುಡಿದು ನಿವೃತ್ತರಾದವರು ಅವರು. ಜಂಬೂಸವಾರಿಯ ದಿನ ಅಂಬಾರಿಯ ಮೆರವಣಿಗೆಯಲ್ಲಿ ಹೋಗುವ ಕುದುರೆ ಪೊಲೀಸರನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಅಂದು ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅದೇ ದಳದವರು ನಾಗಾಲೋಟದಲ್ಲಿ ಬಂದು ನೆಲದ ಗೂಟವನ್ನು ಭರ್ಜಿಯಿಂದ ಎತ್ತುತ್ತಾರೆ. ಉಸ್ತಾದರ ಬಲ ಮೊಣಕೈ ಇಂದಿಗೂ ಪೂರ್ತಿ ನೀಳವಾಗುವುದಿಲ್ಲ, ಅದು ಅಂಥ ಗೂಟವೊಂದರ ಕಾಣಿಕೆ. “ಮೇಷ್ಟ್ರೇ, ನಮ್ಮ ಕಾಲದಲ್ಲಿ ಮೈದಾನದ ಪಕ್ಕದಲ್ಲಿ ಬ್ಯಾಂಡು ಇರುತ್ತಿತ್ತು. ಬ್ಯಾಂಡ್ ಮಾಸ್ಟರು ಕುದುರೆ ನೋಡಿ ಕೋಲು ಬೀಸುತ್ತಿದ್ದರು. ಕುದುರೆ ತಡವಾದರೆ ಅವರೂ ತಡ ಮಾಡುತ್ತಿದ್ದರು. ನೀವು ತರುವ ರೆಕಾರ್ಡಿಗೆ ಕಣ್ಣಿಲ್ಲವಲ್ಲ” ಎಂದರು. ಆ ಮಾತಿಗೆ ನಾನು ಆಗ ನಕ್ಕೆ. ಆಮೇಲೆ ಇಡೀ ಕೆಲಸ ಅದರ ಸುತ್ತಲೇ ಸುತ್ತಿತು.

ಶುರುವಾದದ್ದು ಅಳತೆಯಿಂದ. ಮೊಬೈಲಿನಲ್ಲಿ ತಾಳದ ವೇಗ ಅಳೆಯುವ ಮೆಟ್ರೊನೋಮ್ ಇಟ್ಟುಕೊಂಡು ಬೇಲಿಯ ಪಕ್ಕ ಕೂತು ಪ್ರತಿಯೊಂದು ಕುದುರೆಯ ಕಾಲಪ್ರಮಾಣ ಬರೆದುಕೊಂಡೆ. ನಿಧಾನ ನಡಿಗೆಯಲ್ಲಿ ನಾಲ್ಕು ಕಾಲೂ ಒಂದೊಂದಾಗಿ ಬೀಳುತ್ತವೆ. ನಿಮಿಷಕ್ಕೆ ನೂರರ ಆಸುಪಾಸು ಎಣಿಸಿದರೆ ಸರಿಹೋಗುತ್ತದೆ. ಟ್ರಾಟ್ ಎಂಬ ಸಾಧಾರಣ ಓಟದಲ್ಲಿ ಎದುರುಬದಿರಿನ ಕಾಲುಗಳು ಜೋಡಿಯಾಗಿ ಬೀಳುವುದರಿಂದ ಎರಡೇ ಪೆಟ್ಟು. ಸಾಮಾನ್ಯ ಕುದುರೆಗೆ ಅದು ನಿಮಿಷಕ್ಕೆ 140ರಿಂದ 155. ಆದರೆ ನಮ್ಮ ಎಂಟರಲ್ಲಿ ರೇಸ್‌ನಿಂದ ನಿವೃತ್ತಿಯಾಗಿ ಬಂದ ಉದ್ದ ಕಾಲಿನ ಗಂಡು ಕುದುರೆಯೂ ಇತ್ತು, ಮಕ್ಕಳ ಪಾಠದ ಗಿಡ್ಡ ಕುದುರೆಯೂ ಇತ್ತು. ಮೊದಲನೆಯದು 138ರಲ್ಲಿ ಹಾಯಾಗಿ ತೇಲುತ್ತಿತ್ತು, ಎರಡನೆಯದು 160ರಲ್ಲಿ ಪುಟುಪುಟು ಓಡುತ್ತಿತ್ತು. ಉಸ್ತಾದರು ಇಬ್ಬರಿಗೂ ಒಗ್ಗುವ ನಡೆಯನ್ನು ವಾರಗಟ್ಟಲೆ ಹದಗೊಳಿಸಿ ಎಲ್ಲರನ್ನೂ 144ರ ಹತ್ತಿರಕ್ಕೆ ತಂದರು. ಸಂಗೀತಗಾರರು ಹತ್ತು ಜನ ಸೇರಿದರೂ ಇಷ್ಟು ಬೇಗ ಒಂದು ಕಾಲಪ್ರಮಾಣಕ್ಕೆ ಒಪ್ಪುವುದಿಲ್ಲ.

ಟ್ರಾಟ್‌ಗಿಂತ ವೇಗದ ಓಟವಾದ ಕ್ಯಾಂಟರ್ ಬಂದಾಗ ನನಗೂ ಉಸ್ತಾದರಿಗೂ ಸಣ್ಣ ಜಗಳ. ಅದು ಮೂರು ಪೆಟ್ಟಿನ ಓಟ ಎಂದು ಅವರು ಹೇಳಿದ ಕೂಡಲೇ ನಾನು ಮೂರರ ಎಣಿಕೆಯ ತಿಶ್ರ ನಡೆ ಹಿಡಿದೆ. ತಕಿಟ ತಕಿಟ ಎಂದು ನುಡಿಸಿ ನೋಡಿದರೆ ಕುದುರೆ ಪ್ರತಿ ಸುತ್ತಿಗೂ ಕೊಂಚ ಹಿಂದೆ ಬೀಳುತ್ತಿತ್ತು. ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿದಾಗ ಕಾರಣ ಕಂಡಿತು. ಮೂರು ಪೆಟ್ಟಾದ ಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಗಳಿಗೆ ಇದೆ. ನಮ್ಮ ಲೆಕ್ಕದಲ್ಲಿ ಅದು ಕಾರ್ವೆ. ಸದ್ದಿಲ್ಲ, ಆದರೆ ಕಾಲ ಸರಿಯುತ್ತದೆ. ಮೂರು ಅಕ್ಷರ ನುಡಿಸಿ ನಾಲ್ಕನೆಯದನ್ನು ಖಾಲಿ ಬಿಟ್ಟಾಗ ಕುದುರೆಯೂ ಮೃದಂಗವೂ ಹೊಂದಿಕೊಂಡವು. “ಅದನ್ನೇ ಅಲ್ಲವೇ ನಾನು ಮೊದಲಿಂದ ಹೇಳಿದ್ದು” ಎಂದರು ಉಸ್ತಾದರು. ಹೇಳಿರಲಿಲ್ಲ. ಆದರೂ ವಾದ ಬೆಳೆಸಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಗದ ಖರ್ಚಾದದ್ದು ಚಕ್ರಕ್ಕೆ. ಸವಾರಿ ಅಂಗಳ 60 ಮೀಟರ್ ಉದ್ದ, 20 ಮೀಟರ್ ಅಗಲ. ಅಗಲಕ್ಕೆ ತಕ್ಕಂತೆ 20 ಮೀಟರ್ ವ್ಯಾಸದ ಚಕ್ರ ಹಾಕಿದರೆ ಸುತ್ತಳತೆ ಸುಮಾರು 63 ಮೀಟರ್. ನಮ್ಮ ಕುದುರೆಗಳ ಟ್ರಾಟ್ ನಿಮಿಷಕ್ಕೆ 200 ಮೀಟರಿನಷ್ಟು. ಅಂದರೆ ಒಂದು ಸುತ್ತಿಗೆ ಹತ್ತೊಂಬತ್ತು ಸೆಕೆಂಡು, 144ರ ಲೆಕ್ಕದಲ್ಲಿ ನಲವತ್ತೈದು ಪೆಟ್ಟು. ಎಂಟು ಅಕ್ಷರ, ಅಂದರೆ ಎಂಟು ಪೆಟ್ಟು, ಸೇರಿ ಒಂದು ಆವರ್ತವಾಗುವ ನನ್ನ ಆದಿತಾಳಕ್ಕೆ ಅದು ಐದು ಆವರ್ತ ಮುಗಿದು ಮೇಲೆ ಐದು ಅಕ್ಷರ. ಹಾಡು ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಬಂದು ಕೂತಾಗ ಮುಂದಾಳು ಕುದುರೆ ಇನ್ನೂ ಚಕ್ರದ ಒಂಬತ್ತನೆಯ ಒಂದು ಭಾಗದಷ್ಟು ದೂರದಲ್ಲಿರುತ್ತದೆ. ಆರು ಆವರ್ತಕ್ಕೆ ಹಿಗ್ಗಿಸೋಣವೆಂದರೆ ಚಕ್ರ 21 ಮೀಟರ್ ದಾಟಿ ಬೇಲಿಯ ಮೇಲೆ ಹೋಗುತ್ತದೆ. ಐದೇ ಆವರ್ತಕ್ಕೆ ಇಳಿಸಬೇಕಾದರೆ ವ್ಯಾಸ 18 ಮೀಟರಿಗೆ ಸ್ವಲ್ಪ ಕಡಿಮೆ. ಉಸ್ತಾದರು ಒಂದು ಗೂಟ, ಒಂಬತ್ತು ಮೀಟರಿಗೆ ಚೂರು ಕಡಿಮೆ ಹಗ್ಗ, ಒಂದು ಡಬ್ಬ ಸುಣ್ಣ ತರಿಸಿ ಗೆರೆ ಎಳೆದರು. ಗೆರೆಯ ಮೇಲೆ ಸರಿಯಾಗಿ ಓಡಿದಾಗ ಐದನೆಯ ಆವರ್ತದ ಸಮವೂ ಕುದುರೆಯ ಮೂಗೂ ಒಂದೇ ಗುರುತಿನ ಮುಂದೆ ಬಂದು ನಿಂತವು. ಅಷ್ಟು ವರ್ಷ ತಾಳ ಹಾಕಿದ್ದರೂ ಆವರ್ತವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ನಾಲ್ವರು ಅಕ್ಕಪಕ್ಕ ನಿಂತು ಬಾಗಿಲಿನ ಹಾಗೆ ತಿರುಗುವುದು ಇದಕ್ಕಿಂತ ಕಷ್ಟ. ಒಳಗಿನ ಕುದುರೆ ಎರಡು ಮೀಟರು ಚಿಲ್ಲರೆ ಸರಿಯುವಷ್ಟರಲ್ಲಿ ಹೊರಗಿನದು ಒಂಬತ್ತು ಮೀಟರ್ ಓಡಬೇಕು. ತಾಳ ಒಂದೇ, ಹೆಜ್ಜೆಯ ಉದ್ದ ಬೇರೆ ಬೇರೆ. ಗಿಡ್ಡ ಕುದುರೆಯನ್ನು ಒಳಗೆ, ರೇಸ್ ಕುದುರೆಯನ್ನು ಹೊರಗೆ ನಿಲ್ಲಿಸಿದ ಉಸ್ತಾದರ ಜಾಣತನ ಆಗ ಅರ್ಥವಾಯಿತು.

ಸಂಗೀತ ಯಾವುದೆಂಬುದು ಬೇಗ ತೀರ್ಮಾನವಾಯಿತು. ಶಂಕರಾಭರಣದ ಸ್ವರಗಳಲ್ಲಿ ಪಾಶ್ಚಾತ್ಯ ಮಟ್ಟಿನ ನೊಟ್ಟುಸ್ವರದ ಧಾಟಿಯ ಒಂದು ತುಣುಕನ್ನು ನಾನೇ ಹೆಣೆದೆ. ಬ್ಯಾಂಡಿನ ಗತ್ತು, ನಮ್ಮ ಸ್ವರ. ಪಿಟೀಲು ಗೆಳೆಯರದು, ಕೊಳಲು ಶಿಷ್ಯೆಯದು. ಮೈಸೂರಿನ ಅರಮನೆಯ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡುಗಳೆರಡೂ ಮುಂದೆ ಪೊಲೀಸ್ ಇಲಾಖೆಗೆ ಸೇರಿದವು. ಉಸ್ತಾದರ ಕಿವಿ ಪಳಗಿದ್ದು ಆ ಎರಡರ ನಡುವೆ. ಹಾಗಾಗಿ ಅವರಿಗೆ ಇದು ಒಂದೇ ಸಲಕ್ಕೆ ಹಿಡಿಸಿತು. ಯಾರೋ ಡೊಳ್ಳು ಸೇರಿಸಿ ಎಂದರು, ಇನ್ನು ಯಾರೋ ಕೀಲುಕುದುರೆಯ ವಾದ್ಯ ಹಾಕಿದರೆ ಹೇಗೆ ಎಂದು ಕೇಳಿದರು. ಎರಡನೆಯ ಮಾತು ಆಡಿದ ಹುಡುಗನಿಗೆ ಉಸ್ತಾದರು ಆ ದಿನ ಲಾಯ ಗುಡಿಸಲು ಹಚ್ಚಿದರು.

ಡೊಳ್ಳಿಗೆ ಕುದುರೆಗಳು ಬೆದರಬಹುದೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವು ಬೆದರಿದ್ದು ತಾಳಕ್ಕೆ, ಅಂಗೈಯಗಲದ ಕಂಚಿನ ತಾಳಕ್ಕೆ. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಜ್‌ವರೆಗೆ ಕೇಳಿಸಿದರೆ ಕುದುರೆಗೆ 33,000ದವರೆಗೂ ಕೇಳಿಸುತ್ತದೆ. ತೀರ ಮಂದ್ರದಲ್ಲಿ ಮಾತ್ರ ನಮ್ಮ ಕಿವಿ ಅದಕ್ಕಿಂತ ಮೇಲು. ನಮಗೆ ಇಂಪಾದ ಕಿಣಿಕಿಣಿಯಲ್ಲಿ ಅವಕ್ಕೆ ಇನ್ನೇನೇನು ಕೇಳಿಸುತ್ತದೋ! ತಾಳವನ್ನು ತೆಗೆದು ಮೃದಂಗದ ತೊಪ್ಪಿಯನ್ನು, ಅಂದರೆ ಮಂದ್ರ ಧ್ವನಿಯ ಎಡಮುಖವನ್ನು, ಮುಂದೆ ತಂದೆ. ಆಮೇಲೆ ಲಾಯದಲ್ಲಿ ಹುಲ್ಲು ತಿನ್ನುವ ಹೊತ್ತಿಗೆ ಕುದುರೆ ನೋಡಿಕೊಳ್ಳುವ ಸೈಸ್‌ಗಳು ಅದನ್ನೇ ಮೆಲ್ಲಗೆ ಹಾಕುತ್ತ ಬಂದರು, ದಿನದಿನಕ್ಕೆ ಸದ್ದು ಏರಿಸುತ್ತ. ಯಲಹಂಕ ವಾಯುನೆಲೆಯ ವಿಮಾನ ತಲೆಯ ಮೇಲೆ ಹಾದರೂ ಬಾಯಿಯ ಹುಲ್ಲು ಬಿಡದ ಪ್ರಾಣಿಗಳು ಇವು. ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ ಕಂಡರೆ ಮಾತ್ರ ಭೂಮಿ ಬಿಟ್ಟು ನೆಗೆಯುತ್ತವೆ.

ಭರ್ಜಿಯ ಪತಾಕೆಗೂ ಅದೇ ಗತಿ. ನಮ್ಮಲ್ಲಿ ಭರ್ಜಿ ಎಂದರೆ ಬಿದಿರಿನ ಕೋಲು, ತುದಿಗೆ ಹಳದಿ ಕೆಂಪು ಬಟ್ಟೆ. ಮೊದಲು ಬಟ್ಟೆಯನ್ನು ಲಾಯದ ಕಂಬಕ್ಕೆ ಕಟ್ಟಿದರು, ಆಮೇಲೆ ಮೇವಿನ ಬಾನಿಯ ಪಕ್ಕಕ್ಕೆ, ಕಡೆಗೆ ಸವಾರನ ಕೈಗೆ. ಹದಿನಾರರ ಹುಡುಗಿಯೊಬ್ಬಳು ಈ ಕೋಲು ಯಾಕೆ ಬೇಕು ಸರ್ ಎಂದು ಗೊಣಗಿದಳು. ಉಸ್ತಾದರು ಅವಳಿಗೆ ಹೈಫಾ ಕಥೆ ಹೇಳಿದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್, ಜೋಧಪುರ ಲ್ಯಾನ್ಸರ್ಸ್ ಪಡೆಗಳು ಮೆಷಿನ್‌ಗನ್ನುಗಳ ಎದುರು ಕುದುರೆ ಓಡಿಸಿ, ಭರ್ಜಿ ಹಿಡಿದು ಆ ಊರನ್ನು ಗೆದ್ದ ಕಥೆ. ಆ ದಳದ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ, ಮೇಖ್ರಿ ವೃತ್ತದ ಕಡೆಯಿಂದ ಮನೆಗೆ ಬರುವಾಗ ಅದರ ಆಸುಪಾಸಿನಲ್ಲೇ ಹಾದುಹೋಗುತ್ತಿದ್ದವನು ನಾನು, ಒಮ್ಮೆಯೂ ಇಳಿದು ನೋಡಿರಲಿಲ್ಲ. ಹುಡುಗಿ ಮರುವಾರ ತಂದೆಯನ್ನು ಕರೆದುಕೊಂಡು ಹೋಗಿ ನೋಡಿಬಂದಳು. ಕೋಲಿನ ಬಗ್ಗೆ ಗೊಣಗಾಟ ನಿಲ್ಲಲಿಲ್ಲ, ಅದು ಭಾರವಾಗಿತ್ತು.

ಸಂಗೀತ ಹಾಕಿ ಎಂಟು ಜನರನ್ನೂ ಒಟ್ಟಿಗೆ ಓಡಿಸಿದ ದಿನ ಅಂಗಳದ ಈ ತುದಿಯವರು ಒಂದು ತಾಳದಲ್ಲಿ, ಆ ತುದಿಯವರು ಇನ್ನೊಂದರಲ್ಲಿ. ಸ್ಪೀಕರು ಇದ್ದದ್ದು ಒಂದು ತುದಿಯಲ್ಲಿ. ಸದ್ದು ಸೆಕೆಂಡಿಗೆ 340 ಮೀಟರಿನಷ್ಟು ಸಾಗುತ್ತದೆ. 60 ಮೀಟರ್ ದಾಟಲು ಸೆಕೆಂಡಿನ ಆರನೆಯ ಒಂದು ಭಾಗಕ್ಕಿಂತ ಹೆಚ್ಚೇ ಬೇಕು. 144ರ ಓಟದಲ್ಲಿ ಅದು ಹತ್ತಿರಹತ್ತಿರ ಅರ್ಧ ಅಕ್ಷರ. ಸ್ಪೀಕರನ್ನು ಉದ್ದದ ಬದಿಯ ನಡುವಿಗೆ ತಂದ ಮೇಲೆ ವ್ಯತ್ಯಾಸ ಕಾಲು ಅಕ್ಷರಕ್ಕೆ ಇಳಿಯಿತು. ಉಳಿದದ್ದನ್ನು ಉಸ್ತಾದರು ತಮ್ಮ ರೀತಿಯಲ್ಲಿ ಸರಿಮಾಡಿದರು: “ಹಾಡು ಕೇಳಿಕೊಂಡು ಕುದುರೆ ಓಡಿಸಬೇಡಿ. ಮುಂದಿನವನ ಟೋಪಿ ನೋಡಿ.”

ಟೋಪಿಯ ಮಾತಿನಲ್ಲಿ ಇಡೀ ಪ್ರದರ್ಶನದ ಗುಟ್ಟಿದೆ. ಟ್ರಾಟ್‌ನಲ್ಲಿ ಸವಾರ ಒಂದು ಪೆಟ್ಟಿಗೆ ಜೀನಿನಿಂದ ಏಳುತ್ತಾನೆ, ಮುಂದಿನ ಪೆಟ್ಟಿಗೆ ಕೂರುತ್ತಾನೆ. ಕುದುರೆಯ ಯಾವ ಜೋಡಿ ಕಾಲು ಬಿದ್ದಾಗ ಏಳಬೇಕೆಂಬುದಕ್ಕೂ ನಿಯಮವಿದೆ, ದಿಕ್ಕು ಬದಲಿಸಿದಾಗ ಒಂದು ಪೆಟ್ಟು ಹೆಚ್ಚಿಗೆ ಕೂತು ಜೋಡಿಯನ್ನೂ ಬದಲಿಸಬೇಕು. ನೋಡುವವರಿಗೆ ಮೂವತ್ತೆರಡು ಗೊರಸು ಎಣಿಸಲು ಪುರುಸೊತ್ತಿಲ್ಲ. ಎಂಟು ಟೋಪಿಗಳು ಒಟ್ಟಿಗೆ ಏಳುತ್ತ ಬೀಳುತ್ತ ಇದ್ದರೆ ಕುದುರೆಗಳು ಕುಣಿಯುತ್ತಿವೆ ಎಂದು ಕಣ್ಣು ನಂಬಿಬಿಡುತ್ತದೆ. ಹಾಗಾಗಿ ನಾನು ಮೃದಂಗದ ಗಟ್ಟಿ ಪೆಟ್ಟನ್ನು ಏಳುವ ಅಕ್ಷರಕ್ಕೆ ಇಟ್ಟೆ, ಕೂರುವುದಕ್ಕೆ ತೊಪ್ಪಿಯ ಗುಮಕಿ.

ಕತ್ತರಿಯಲ್ಲಿ ಮಾತ್ರ ಟೋಪಿ ನೋಡಿದರೆ ಸಾಲದು. ಎದುರುಬದಿರಿನ ಮೂಲೆಗಳಿಂದ ಬರುವ ಎರಡು ಸಾಲುಗಳು ನಡುವೆ ಒಂದನ್ನೊಂದು ಹಾಯಬೇಕು, ಬಲದ್ದೊಂದು ಎಡದ್ದೊಂದು. ಒಂದು ಕುದುರೆಯ ಮೂಗಿನಿಂದ ಹಿಂದಿನದರ ಮೂಗಿಗೆ ಐದೂವರೆ ಮೀಟರ್ ಇಟ್ಟರೆ ಅದು ಸರಿಯಾಗಿ ನಾಲ್ಕು ಅಕ್ಷರ, ಎದುರು ಸಾಲಿನವನು ನುಗ್ಗಬೇಕಾದದ್ದು ನಡುವಿನ ಎರಡನೆಯ ಅಕ್ಷರಕ್ಕೆ. ಸವಾರರಿಗೆ ತಕದಿಮಿ ಬಾಯಿಪಾಠ ಮಾಡಿಸಿದೆ. ದಂತವೈದ್ಯರೊಬ್ಬರು ರೋಗಿಯ ಬಾಯಿಯಲ್ಲಿ ಕೈಯಿಟ್ಟಾಗಲೂ ಅದೇ ಬರುತ್ತದೆ ಎಂದು ದೂರಿದರು. ಸಾಲಿನ ಕೊನೆಗೆ ಬಾಲಕ್ಕೆ ಕೆಂಪು ಪಟ್ಟಿ ಕಟ್ಟಿದ ಹೆಣ್ಣು ಕುದುರೆ. ಕೆಂಪು ಪಟ್ಟಿ ಎಂದರೆ ಒದೆಯುತ್ತದೆ, ಹಿಂದೆ ಹೋಗಬೇಡಿ ಎಂದರ್ಥ. ಅದರ ಹಿಂದೆ ಯಾರೂ ಇರದಂತೆ ಕೊನೆಯ ಸ್ಥಾನ ಕೊಟ್ಟಿದ್ದರು. ಅದು ಹಾದುಹೋಗುವಾಗ ನಾನು ಪ್ರತಿ ಸಲವೂ ಒಂದು ಅಕ್ಷರ ಉಸಿರು ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಕೂಡಿಬಂದ ಹೊತ್ತಿಗೆ ಹಿಂಗಾರು ಮಳೆ. ಒದ್ದೆ ಮರಳಿನಲ್ಲಿ ಕಾಲು ಹೂತು 144ರ ಓಟ 138ಕ್ಕೆ ಇಳಿಯಿತು. ಐದು ಆವರ್ತದ ಚಕ್ರ ಮತ್ತೆ ಕಾಲು ಚಾಚಿತು. ಇನ್ನೊಂದು ಮುದ್ರಣ ಮಾಡಿದೆ. ಬಿಸಿಲು ಬಂದು ಅರ್ಧ ಅಂಗಳ ಒಣಗಿತು, ಅರ್ಧ ಒಣಗಲಿಲ್ಲ. ಆಗ ರೆಕಾರ್ಡಿಗೆ ಕಣ್ಣಿಲ್ಲ ಎಂಬ ಉಸ್ತಾದರ ಮಾತು ನೆನಪಾಯಿತು. ಕಚೇರಿಯಲ್ಲಿ ಪಕ್ಕವಾದ್ಯದವನು ಮಾಡುವುದಾದರೂ ಏನು? ಹಾಡುವವರ ಮುಖ ನೋಡುತ್ತ, ಅವರು ಸಂಗತಿ ಬೆಳೆಸಿದರೆ ತಾನೂ ಕಾಯುತ್ತಾನೆ, ಮುಗಿಸುವ ಸೂಚನೆ ಕಂಡರೆ ತೀರ್ಮಾನದ, ಅಂದರೆ ಮುಕ್ತಾಯದ, ನುಡಿಕಾರ ಹಾಕುತ್ತಾನೆ. ಹತ್ತು ನಿಮಿಷದ ಸಂಗೀತವನ್ನು ತುಂಡು ತುಂಡು ಮಾಡಿ ಲ್ಯಾಪ್‌ಟಾಪಿನಲ್ಲಿ ಜೋಡಿಸಿದೆ. ಪ್ರತಿ ತುಂಡಿನ ಕೊನೆಯಲ್ಲಿ ಎಷ್ಟು ಬೇಕಾದರೂ ಸುತ್ತುವ ಒಂದು ಆವರ್ತ. ಕೊನೆಯ ಕುದುರೆ ಜಾಗಕ್ಕೆ ಬಂದು ಉಸ್ತಾದರು ಕೈಯೆತ್ತಿದ ಮೇಲೆ ಗುಂಡಿ ಒತ್ತಿದರೆ, ಆ ಆವರ್ತ ಮುಗಿಸಿಕೊಂಡು ಮುಂದಿನ ತುಂಡು ಸಮಕ್ಕೆ ಶುರುವಾಗುತ್ತದೆ. ವೇಗವನ್ನೂ ಬೆರಳ ತುದಿಯಲ್ಲಿ ನಿಮಿಷಕ್ಕೆ ಎರಡು ಮೂರು ಪೆಟ್ಟಿನಷ್ಟು ಇಳಿಸಬಹುದು, ಏರಿಸಬಹುದು. ಆಗಿನಿಂದ ಉಸ್ತಾದರು ನನಗೆ ಬೇಲಿಯ ಹೊರಗಿನ ಕುರ್ಚಿ ಬಿಡಿಸಿ, ಒಳಗೆ ತಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಸಿದರು.

ಪ್ರದರ್ಶನದ ಭಾನುವಾರ ನಡಿಗೆ, ಸಾಲು, ಬಾಗಿಲು ಎಲ್ಲವೂ ಸುಸೂತ್ರ. ಚಕ್ರದ ಎರಡನೆಯ ಸುತ್ತಿನಲ್ಲಿ ಪ್ರೇಕ್ಷಕರ ಕಡೆಯಿಂದ ಯಾರೋ ಛತ್ರಿ ಬಿಚ್ಚಿದರು. ರೇಸ್ ಕುದುರೆ ಟ್ರಾಟ್ ಬಿಟ್ಟು ಕ್ಯಾಂಟರಿಗೆ ಜಿಗಿದು, ಮುಂದಿನ ಇಬ್ಬರನ್ನು ಹೊರಗಿನಿಂದ ದಾಟಿ, ಸುಣ್ಣದ ಗೆರೆ ಬಿಟ್ಟು ಹೋಯಿತು. ಜನ ಚಪ್ಪಾಳೆ ತಟ್ಟಿದರು, ಇದೂ ಕವಾಯತಿನ ಭಾಗವೆಂದು. ಉಸ್ತಾದರು ಕೈ ಎತ್ತಲಿಲ್ಲ, ನಾನು ಗುಂಡಿ ಒತ್ತಲಿಲ್ಲ. ಆ ಸುತ್ತಿನ ಕೊನೆಗೆ ಮುಗಿಯಬೇಕಾದ ಚಕ್ರ ಸುತ್ತುತ್ತಲೇ ಇತ್ತು. ಕುದುರೆಯ ಮೇಲಿದ್ದವರು ನನ್ನ ಶಿಷ್ಯನ ತಾಯಿಯೇ. ಲಗಾಮು ಎಳೆದು ಜಗ್ಗದೆ, ಅಂಗಳದ ಆ ತುದಿಯಲ್ಲಿ ಅದನ್ನು ಸಣ್ಣ ವೃತ್ತದಲ್ಲಿ ಬಳಸಿ, ಟ್ರಾಟಿಗೆ ಇಳಿಸಿ, ತಮ್ಮ ಜಾಗ ಎದುರಿಗೆ ಬರುವವರೆಗೆ ಕಾದು ಒಳಗೆ ಸೇರಿಕೊಂಡರು. ಟೋಪಿ ಎರಡು ಪೆಟ್ಟು ತಪ್ಪಾಗಿ ಎದ್ದು, ಮೂರನೆಯದಕ್ಕೆ ಉಳಿದ ಏಳರ ಜೊತೆ ಕೂಡಿತು. ಆಗ ಕೈ ಮೇಲೆದ್ದಿತು. ಕತ್ತರಿ ಚೊಕ್ಕವಾಗಿ ಬಂತು, ಕೆಂಪು ಪಟ್ಟಿಯದೂ ಒದೆಯದೆ ದಾಟಿತು. ಕೊನೆಗೆ ಭರ್ಜಿ ಚಾಚಿಕೊಂಡು ಅಂಗಳದ ಉದ್ದಕ್ಕೂ ಒಂದು ಓಟ. ಕೆನಡಾದವರ ‘ಚಾರ್ಜ್’ ನೋಡಿ ಹುಡುಗರು ಹಟ ಹಿಡಿದು ಸೇರಿಸಿಕೊಂಡದ್ದು ಅದು. ಅವರದು ನಾಗಾಲೋಟ, ನಮ್ಮದು 60 ಮೀಟರಿನಲ್ಲಿ ಬೇಲಿ ಬರುತ್ತದಲ್ಲ, ಕ್ಯಾಂಟರಿಗೇ ತೃಪ್ತಿ.

ಮರುವಾರ ಶಾಲೆಯ ಕಚೇರಿಯಿಂದ ಫೋನ್ ಬಂತು. ಮುಂದಿನ ವರ್ಷಕ್ಕೂ ಅದೇ ಸಂಗೀತ ಬೇಕು, ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರೆ ನಿಮಗೆ ಅಷ್ಟು ದೂರ ಬರುವ ತೊಂದರೆ ಇರುವುದಿಲ್ಲ ಎಂದರು. ಹಾಕಿಕೊಂಡು ಹೋದೆ, 144ರದೊಂದು, 138ರದೊಂದು. ಉಸ್ತಾದರು ಅದನ್ನು ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. “ಆಯಿತು ಮೇಷ್ಟ್ರೇ. ಮುಂದಿನ ಸಲ ಹನ್ನೆರಡು ಕುದುರೆ. ಭಾನುವಾರ ಪಾಠ ಎಷ್ಟು ಗಂಟೆಗೆ ಮುಗಿಯುತ್ತದೆ ನಿಮ್ಮದು?”